ಕ್ಯಾಸೆಟ್ಟಿನಲ್ಲಿ ಅಕ್ಕನ ಒಡಪು

ಅವಕಾಶಕ್ಕಾಗಿ ವರ್ಷಗಟ್ಟಲೆ ಅಲೆದ ಮೇಲೆ ಯಂಕೇಶನ ಹಾಡುಗಳ ಮೊದಲ ಕ್ಯಾಸೆಟ್ ಹೊರಬಂದಿತ್ತು. ಆದರೂ ಕುಷ್ಟಗಿ ಬಸ್ ನಿಲ್ದಾಣದಲ್ಲಿ ಅಕ್ಕ ದುರಗಮ್ಮನ ಮುಖ ನೋಡಲು ಅವನು ಹೆದರುತ್ತಿದ್ದುದು ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಶಾಂತಾಬಾಯಿಗೂ ತಿಳಿಯಿತು.

“ಅಕ್ಕಾ, ನಿನ್ನ ಮದುವ್ಯಾಗ ಗಂಡನ ಹೆಸರು ಸೇರಿಸಿ ನೀ ಹೇಳಿದ ಒಡಪನ್ನ ಹಾಡು ಮಾಡೀನಿ. ತಮ್ಮ ಹೆಸರು ಕೇಳಿ ಮಾವ ಸಿಟ್ಟಾಗ್ಯಾರೇನು?”

“ಸಿಟ್ಟಾ? ಗಿರಣ್ಯಾಗ ದಿನಾ ಅದನ್ನ ಹಚ್ಚತಾರ. ಹಾಡು ಮುಗಿಯೂತನಕ ಯಾರಿಗೂ ಹಿಟ್ಟು ಕೊಡೂದಿಲ್ಲ!”

“ಮತ್ತ ನೀ?”

“ನನಗೂ ಖುಷಿ ಆಗೇತಿ. ಹುಚ್ಚಪ್ಪ, ಅದಕ್ಯಾಕ ಮುಖ ಸಣ್ಣ ಮಾಡ್ಕೊಂಡಿ?”

ಯಂಕೇಶ ಉಸಿರು ಬಿಟ್ಟು ನಕ್ಕ.

ಅಕ್ಕನ ಊರಿನ ಬಸ್ ಬಂತು. ದುರಗಮ್ಮ ರೊಟ್ಟಿಯ ಗಂಟನ್ನು ಅವನ ಕೈಗಿಟ್ಟು ಎದ್ದಳು.

“ಮುಂದಿನ ಕ್ಯಾಸೆಟ್ಟಿನ್ಯಾಗ ನಿಮ್ಮ ಮಾವಗೂ ಒಂದು ಒಡಪು ಬರಿ. ಮದುವಿ ಆದಾಗಿಂದ ‘ಏ ಇವಳ’ ಅಂತನ ಕರೀತಾರ. ಒಮ್ಮೆರ ನನ್ನ ಹೆಸರು ಹೇಳ್ಲಿ.”