ಶಿವರಾಮ ಕಟ್ಟಿದ ಉಸಿರು

ಮೂರು ದಿನ ಹಿಡಿದ ಮಳೆಗೆ ಹೊಸಬಾಳೆಯ ಕೆರೆ ಏರಿಯ ಅಂಚಿಗೆ ಬಂದಿತ್ತು. ನೀರು ಹೊರಬಿಡುವ ತೂಬಿಗೆ ಕಸ ಸಿಕ್ಕಿತ್ತು, ಸೊರಬದಿಂದ ಅಗ್ನಿಶಾಮಕದವರು ಬರುವ ರಸ್ತೆಗೆ ಮರ ಬಿದ್ದಿತ್ತು. ಸಂಜೆ ಐದಕ್ಕೆ ಊರಿನ ಹತ್ತಾರು ಜನ ಏರಿಯ ಮೇಲಿನ ಪಂಪ್‌ಹೌಸಿನೊಳಗೆ ಸೇರಿ ನೀರುಗಂಟಿ ಆನಂದಪ್ಪನ ಮುಖ ನೋಡಿದರು. ಮುಳುಗಿ ತೂಬು ಬಿಡಿಸುವುದು ಅವನ ಮನೆತನದ ಕೆಲಸ. ಅರವತ್ತು ದಾಟಿದರೂ ಎರಡು ನಿಮಿಷ ಉಸಿರು ಕಟ್ಟಬಲ್ಲವನು, ಆದರೆ ಎರಡು ವರ್ಷದಿಂದ ಕೆರೆಗೆ ಇಳಿದಿರಲಿಲ್ಲ.

"ಒಂದು ಮುಳುಗು ಹಾಕ್ರೀ ಆನಂದಪ್ಪ. ಈಗೀಗ ಸ್ನಾನಕ್ಕೂ ಹೆದರ್ತೀರಂತಲ್ಲ!" ಎಂದ ಸದಾಶಿವಪ್ಪ. ಕೆಲವರು ನಕ್ಕರು.

ಆನಂದಪ್ಪ ನಗಲಿಲ್ಲ. ಬಾಗಿಲ ಬಳಿ ಮೇಘನಾ ನಿಂತಿದ್ದಳು, ಅವನ ಹೆಂಡತಿಯ ತಮ್ಮ ಶಿವರಾಮನ ಮಗಳು. ಎರಡು ವರ್ಷದ ಹಿಂದೆ ಅಪ್ಪ ಸಮುದ್ರದಲ್ಲಿ ಎದೆನೋವಿನಿಂದ ಹೋದ ಎಂದೇ ಅವಳಿಗೆ ಹೇಳಿದ್ದ. ಇಳಿಯುವ ಮುಂಚೆ ಅದನ್ನು ತಿದ್ದದಿದ್ದರೆ ಇನ್ನು ಯಾವಾಗ?

"ಕೂತ್ಕೊಳ್ಳಿ... ಕೇಳಿ. ನಾನೂ ನಿಮ್ಮಪ್ಪನೂ ನೇತ್ರಾಣಿ ದ್ವೀಪಕ್ಕೆ ಹೋಗಿದ್ವಲ್ಲ ಮೇಘನಾ? ಡೈವಿಂಗ್ ಕಲಿಸೋ ಹುಡುಗ ದೋಣಿಯಲ್ಲೇ ಹತ್ತು ಸಲ ಹೇಳಿದ, ಸಿಲಿಂಡರಿನ ಗಾಳಿ ಎಳಿತಾ ಬಿಡ್ತಾ ಇರಿ, ಮೇಲೆ ಬರುವಾಗಂತೂ ಉಸಿರು ಕಟ್ಟಲೇಬೇಡಿ, ಒಳಗಿನ ಗಾಳಿ ಉಬ್ಬಿ ಶ್ವಾಸಕೋಶ ಒಡೀತದೆ ಅಂತ. ನಾನೇನು ಮಾಡ್ದೆ? 'ನಿನ್ನೆ ಮೊನ್ನೆ ಈಜು ಕಲಿತವನ ಮಾತು ಬಿಡೋ, ನೀರಿನ ಕೆಳಗೆ ಯಾರಾದ್ರೂ ಉಸಿರು ಬಿಡ್ತಾರೇನೋ' ಅಂತ ನಿಮ್ಮಪ್ಪನ ಕಿವಿಯಲ್ಲಿ ಅಂದೆ.

ಕೆಳಗೆ ಹೋದ್ರೆ... ಏನು ಹೇಳ್ಲಿ! ನಮ್ಮ ಕೆರೆಯಲ್ಲಿ ಕಣ್ಣು ಬಿಟ್ಟರೆ ಬರೀ ಕೆಸರು. ಅಲ್ಲಿ ಮನೆಯಷ್ಟೆತ್ತರದ ಬಂಡೆ, ಬಂಡೆ ತುಂಬ ಹೂಕೋಸಿನಂಥ ಹವಳ, ಅರಿಸಿನ ಬಳಿದ ಹಾಗಿರೋ ಮೀನಿನ ಹಿಂಡು ಕೈಬೆರಳಿನ ಸಂದಿಯಲ್ಲೇ ನುಗ್ಗಿ ಹೋಗೋದು, ಮೊರದಷ್ಟಗಲದ ಆಮೆಯೊಂದು ನಿಮ್ಮಪ್ಪನ ಪಕ್ಕದಲ್ಲೇ ತೇಲಿತು... ಎಷ್ಟು ಖುಷಿಪಟ್ಟ ಗೊತ್ತಾ? ಅಷ್ಟರಲ್ಲಿ ಬಂಡೆ ಸಂದಿಯಿಂದ ಹಾವಿನಂಥ ಮೀನು ಬಾಯಿ ತೆಗೆದು ಹೊರಬಂತು. ನಿಮ್ಮಪ್ಪ ಬೆದರಿ, ಡೈವಿಂಗ್ ಹುಡುಗ ಹಿಡಿದಿದ್ದ ಕೈ ಕೊಸರಿಕೊಂಡ. ಮೇಲೆ ಹೋಗೋ ಮುಂಚೆ ನನ್ನ ಮುಖ ನೋಡಿದ... ಉಸಿರು ಬಿಡ್ಲಾ ಭಾವ, ಅಂತ ಕೇಳಿದ ಹಾಗೆ. ನಾನು ಎದೆ ಮೇಲೆ ಮುಷ್ಟಿ ಬಿಗಿದು ತೋರಿಸಿದೆ, ಕಟ್ಟು ಅಂತ. ತೂಬಿಗೆ ಇಳಿಯುವಾಗಿನ ನಮ್ಮ ಸನ್ನೆ. ನನ್ನ ಮಾತು ಅವನು ಯಾವತ್ತು ಮೀರಿದ್ದ? ದೋಣಿಗೆ ಎಳೆಯುವಾಗ ಬಾಯಿತುಂಬ ರಕ್ತ..."

ಮೇಘನಾ ಬಾಗಿಲು ಹಿಡಿದುಕೊಂಡಳು. "ಎದೆನೋವು ಅಂದ್ರಲ್ಲ, ಮಾವ?"

"ಸುಳ್ಳು ಹೇಳ್ದೆ ಕಣೇ. ತಿಥಿ ಮುಗಿದ ವಾರ ಈ ಕೆರೆಗೆ ಇಳಿದೆ. ತೂಬಿನ ಪಕ್ಕ ಕೂತಿದ್ದ ನಿಮ್ಮಪ್ಪ... ಕೆನ್ನೆ ಉಬ್ಬಿಸಿಕೊಂಡು, ನನ್ನನ್ನೇ ನೋಡ್ತಾ. ಉಸಿರು ಬಿಡು ಅಂತ ಕೈ ಬೀಸಿದೆ. ನನ್ನ ಸನ್ನೆ ನಂಬಿ ಸತ್ತವನು ಇನ್ನೊಂದು ಸಲ ನಂಬ್ತಾನಾ? ಬಾಯಿ ತೆರೆದು ಹೇಳಬೇಕಿತ್ತು. ತಳದಲ್ಲಿ ಬಾಯಿ ತೆರೆದರೆ ನಾನು ಮೇಲೆ ಬರೋದು ಹೇಗೆ? ಹೆದರಿ ಓಡಿಬಂದೆ... ಇವತ್ತು ಹೇಳ್ತೀನಿ."

ಆನಂದಪ್ಪ ಅಂಗಿ ಬಿಚ್ಚಿ ಮೇಘನಾಳ ಕೈಗೆ ಕೊಟ್ಟ. ಹೊರಗೆ ಮಳೆ ಅರೆಗಳಿಗೆ ಬಿಟ್ಟಿತ್ತು.

ಸದಾಶಿವಪ್ಪ ಅವನ ರಟ್ಟೆ ಹಿಡಿದ. "ಬೇಡ್ರೀ... ನೋಡಿ, ನೀರು ಅಲುಗ್ತಿಲ್ಲ, ಒಂದು ಗುಳ್ಳೆ ಕೂಡ ಏಳ್ತಿಲ್ಲ. ಅಲ್ಲಿ ಯಾರೂ ಇಲ್ಲ."

"ಗುಳ್ಳೆ ಹೇಗೆ ಬರ್ತದೆ ಸದಾಶಿವಪ್ಪ? ಅವನು ಇನ್ನೂ ಉಸಿರು ಬಿಟ್ಟಿಲ್ಲವಲ್ಲ..."