ಎರಡು ಮೈಕ್

ಕೊಯಮತ್ತೂರಿನ ಕ್ಯಾಮೆರಾ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಮುಂದೆ ಒಬ್ಬ ವಯಸ್ಸಾದ ತಾಯಿ ಮತ್ತು ಮಗ. ಹೊಸ ಮಿರರ್‌ಲೆಸ್ ಕ್ಯಾಮೆರಾ ಆಗಲೇ ಮಗನ ಕೊರಳಲ್ಲಿತ್ತು. ಅಂಗಡಿಯವನ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದವನು ತಾಯಿಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ:

“ಟ್ರೈಪಾಡ್ ಆಯ್ತವ್ವಾ. ಇನ್ನು ಮೈಕ್ ಒಂದು ಬೇಕು.”

“ಫೋಟೋ ತೆಗೆಯೋಕೆ ಮೈಕ್ ಎದಕ್ಕೆ ಕರುಪ್ಪಾ?”

“ಫೋಟೋಕಲ್ಲ, ವೀಡಿಯೊಗೆ. ನೀನು ಮಾತಾಡೋದನ್ನ ಹಿಡಿದಿಡ್ಬೇಕು.”

“ನನ್ ಮಾತು ಯಾರಿಗೆ ಬೇಕು? ನಿನ್ ಮಕ್ಳು ಏನ್ ಕೇಳಿದ್ರೂ ತಮಿಳಲ್ಲೇ ಬದ್ಲು ಹೇಳ್ತವೆ.”

“ನನಗೆ ಬೇಕವ್ವಾ. ಅಪ್ಪ ಹೋದ್ಮೇಲೆ ಮನೇಲಿ ಈ ಮಾತು ಆಡೋರು ನಾವಿಬ್ರೇ.”

ಆಕೆ ಮಗನ ತೋಳು ಹಿಡಿದುಕೊಂಡರು.

“ನಾನೂ ಹೋದ್ಮೇಲೆ ಯಾರ ಕೂಡ ಮಾತಾಡ್ತೀಯ ಕಣ್ಣು?”

ಅಷ್ಟರಲ್ಲಿ ಅಂಗಡಿಯವನು ಎರಡು ಡಬ್ಬಿ ತಂದಿಟ್ಟ. ಒಂದರಲ್ಲಿ ಒಂದು ಮೈಕ್, ಇನ್ನೊಂದರಲ್ಲಿ ಜೋಡಿ.

“ಒಂದು ಸಾಕವ್ವಾ. ಮಾತಾಡೋಳು ನೀನೊಬ್ಳೇ ಅಲ್ವಾ?”

“ಒಬ್ಳೇ ಮಾತಾಡಿದ್ರೆ ಪೈತ್ಯ, ಹುಚ್ಚು ಅಂತಾರೆ. ಎರಡಿರೋದೇ ತಗೋ. ನಾನು ಕರೀತೀನಿ, ನೀನು ಓ ಅನ್ನು. ಆಗ್ಲೇ ಅದು ಮಾತು.”

ಮಗ ಜೋಡಿ ಮೈಕಿನ ಡಬ್ಬಿಯನ್ನೇ ತೆಗೆದುಕೊಂಡ.

“ಬೇಗ ಬಾ, ಕಾರಮಡೈ ಬಸ್ಸು ಹೊರಟುಬಿಡ್ತದೆ” ಎನ್ನುತ್ತಾ ಆಕೆ ಬಾಗಿಲ ಕಡೆ ಬಂದರು. ದಾರಿಗೆ ಅಡ್ಡವಾಗಿ ನಿಂತಿದ್ದ ನನ್ನನ್ನು ನೋಡಿ, ಸ್ವಲ್ಪ ಜಾಗ ಬಿಡುವಂತೆ ತಮಿಳಿನಲ್ಲಿ ಕೇಳಿದರು.

ನಮ್ಮ ಮನೆಯ ಮಾತೂ ಕನ್ನಡವೇ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಮಾತ್ರ “ಪೋಂಗಮ್ಮಾ”, ಹೋಗಿ ಅಮ್ಮಾ ಎಂಬುದರ ತಮಿಳು. ಪಕ್ಕಕ್ಕೆ ಸರಿದು ನಿಂತೆ. ಅವರು ಹೊರಟುಹೋದರು.