ಮಗ್ಗ ನೋಡಿಕೊಂಡ ಮಗಳು

ಸಭೆಯ ಅಧ್ಯಕ್ಷತೆ ವಹಿಸಿರುವ, ಒಂದು ಕಾಲಕ್ಕೆ ನಮ್ಮ ಗಿರಣಿಯ ಕೊನೆಯ ಸಾಲಿನಲ್ಲಿ ಮಗ್ಗ ನಡೆಸುತ್ತಿದ್ದ ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಡಾಕ್ಟರಮ್ಮನವರೇ, ಸನ್ಮಾನ ಬೇಡವೇ ಬೇಡ ಎಂದು ಹಟ ಹಿಡಿದು, ಕೊನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತಿರುವ ನಮ್ಮ ಹೋಮ್ ನರ್ಸ್ ಮಗಳೇ, ಗಿರಣಿ ಕಾರ್ಮಿಕರ ಸಂಘದ ಬಂಧುಗಳೇ, ಸಭಿಕರೇ,

ಎಲ್ಲರೂ ಕ್ಷೇಮವೇ? ಸುಮ್ಮನೆ ಬಾಯಿಮಾತಿಗೆ ಕೇಳುತ್ತಿಲ್ಲ. ಬಣ್ಣದ ಖಾತೆಯ ಅಣ್ಣ ಮೂರನೆಯ ಸಾಲಿನಲ್ಲಿ ಕಾಣಿಸುತ್ತಿದ್ದಾನೆ. ಏನಣ್ಣ, ಮಂಡಿನೋವು ಹೇಗಿದೆ? ಗೇಟಿನ ಯಜಮಾನರು ಬಂದಿದ್ದಾರೆ, ಕಣ್ಣಿನ ಪೊರೆ ತೆಗೆಸಿಕೊಂಡರಂತೆ, ಈಗಲಾದರೂ ನನ್ನ ಗುರುತು ಸಿಗುತ್ತದೆಯೇ? ಹಿಂದಿನ ಸಾಲಿನಲ್ಲಿ ಲಾಳಿ ಅಕ್ಕನ ಬಳಗ ಕುಳಿತಿದೆ. ಅಕ್ಕ, ನಿಮ್ಮ ಬಿ.ಪಿ. ಏರಿದರೆ ಅದಕ್ಕೆ ಈ ಭಾಷಣ ಕಾರಣವಾಗದಿರಲಿ ಎಂದು ಹಾರೈಸುತ್ತೇನೆ.

ನಾನು ಭಾಷಣಕಾರನಲ್ಲ. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಿದವನೂ ಅಲ್ಲ. ನೂಲಿನ ಪೆಟ್ಟಿಗೆಗಳ ಮೇಲೆ ಅಂಟಿಸಿದ ಚೀಟಿಗಳನ್ನು ಓದಿ ಓದಿ ಅಕ್ಷರ ಕಲಿತು, ಅದೇ ಪೆಟ್ಟಿಗೆಗಳ ಉಗ್ರಾಣಕ್ಕೆ ಗುಮಾಸ್ತನಾದವನು. ನನಗೆ ಬರುವುದು ಊರೂರಿನ ನೆಂಟರಿಗೆ ಕಾಗದ ಬರೆಯುವುದು ಒಂದೇ. ಆದ್ದರಿಂದ ಇದನ್ನೂ ನಿಮಗೆ ಬರೆದ ಕಾಗದವೆಂದೇ ತಿಳಿದು ಕೇಳಿಸಿಕೊಳ್ಳಿ.

ಈ ಮಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಹೇಳುತ್ತೇನೆ. ಆದರೆ ಈಕೆಯ ಬಗ್ಗೆ ಹೇಳಬೇಕಾದರೆ ನನ್ನಾಕೆಯ ಬಗ್ಗೆ ಹೇಳಬೇಕು. ನನ್ನಾಕೆಯ ಬಗ್ಗೆ ಹೇಳಬೇಕಾದರೆ ಮಗ್ಗದ ಶೆಡ್ಡಿನ ಬಗ್ಗೆ ಹೇಳಬೇಕು. ಹೊಸಬರೂ ಇದ್ದೀರಿ, ಸ್ವಲ್ಪ ತಾಳ್ಮೆಯಿರಲಿ.

ಆ ಶೆಡ್ಡಿನೊಳಗೆ ಸದ್ದು ಎಷ್ಟಿತ್ತು? ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಒಳಗೆ ಕಾಲಿಟ್ಟರೆ ಎದೆಯ ಮೂಳೆ ಅದುರುತ್ತಿತ್ತು. ಅಂಥ ಕಡೆ ನೂರಾರು ಹೆಂಗಸರು ದಿನವಿಡೀ ಕೆಲಸ ಮಾಡಿದರು, ನನ್ನಾಕೆಯೂ ಅವರಲ್ಲೊಬ್ಬಳು. ಬಾಯಿ ಮುಚ್ಚಿಕೊಂಡು ಮಾಡಿದರೇ? ನಮ್ಮ ಲಾಳಿ ಅಕ್ಕನನ್ನು ಬಲ್ಲವರು ಯಾರೂ ಹಾಗೆಂದುಕೊಳ್ಳಲಾರರು! ಅವರೆಲ್ಲ ಕೈಯಲ್ಲಿ ಮಾತಾಡುತ್ತಿದ್ದರು. ಮಗುವಿಗೆ ಜ್ವರ, ಅತ್ತೆಯ ಕಾಟ, ಮೇಸ್ತ್ರಿ ಬರುತ್ತಿದ್ದಾನೆ ಎಚ್ಚರ, ಎಲ್ಲವೂ ಬೆರಳುಗಳಲ್ಲೇ. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸುದ್ದಿ ಹಾರುತ್ತಿತ್ತು.

ಅದಕ್ಕೊಂದು ಕಟ್ಟಳೆಯೂ ಇತ್ತು. ಕೈಮಾತು ಗೇಟಿನಿಂದ ಹೊರಗೆ ಬರಬಾರದು, ಆಫೀಸಿನವರ ಎದುರು ಆಡಲೇಬಾರದು. ಕಾರಣ ನಿಮಗೇ ಗೊತ್ತು. ಆ ಮಾತಿನಲ್ಲಿ ಅರ್ಧಕ್ಕರ್ಧ ನಮ್ಮನ್ನು ಬೈಯುವುದೇ ಇತ್ತು. ನಾನು ಉಗ್ರಾಣದ ಗುಮಾಸ್ತ, ಅಂದರೆ ಆಫೀಸಿನವನು. ಹೀಗಾಗಿ ಒಂದೇ ಗಿರಣಿಯಲ್ಲಿ ದುಡಿದು, ಒಂದೇ ಮನೆಯಲ್ಲಿ ಬಾಳಿ, ನನ್ನ ಹೆಂಡತಿಗೆ ಇನ್ನೊಂದು ಭಾಷೆ ಬರುತ್ತದೆ ಎಂಬುದು ಗೊತ್ತಿದ್ದರೂ, ಅದರ ಒಂದು ಅಕ್ಷರವನ್ನೂ ನಾನು ಕಂಡವನಲ್ಲ. ಒಮ್ಮೆ ಕೇಳಿದ್ದೆ, "ಏನೇನು ಮಾತಾಡ್ಕೋತೀರಿ ನೀವೆಲ್ಲ?" ಎಂದು. "ನಿಮ್ಮ ಸುದ್ದಿ ಅಲ್ಲ ಬಿಡಿ" ಎಂದಿದ್ದಳು. ಸಮಾಧಾನವಾಗಬೇಕಿತ್ತು. ಯಾಕೋ ಆಗಿರಲಿಲ್ಲ.

ಗಿರಣಿ ಮುಚ್ಚಿತು. ನಮಗೆ ವಯಸ್ಸಾಯಿತು. ಎರಡು ವರ್ಷದ ಕೆಳಗೆ ನನ್ನಾಕೆಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಬಾಯಿ ವಾರೆಯಾಯಿತು, ಮಾತು ನಿಂತಿತು. ಆಸ್ಪತ್ರೆಯವರು ಜೀವ ಉಳಿಸಿ ಕಳಿಸಿಕೊಟ್ಟರು. "ಮನೇಲಿ ನೋಡ್ಕೊಳ್ಳೋಕೆ ಜನ ಇದಾರಾ?" ಎಂದು ಕೇಳಿದರು. "ನಾನಿದ್ದೇನಲ್ಲ" ಎಂದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಒಂದು ಏಜೆನ್ಸಿಯ ಫೋನ್ ನಂಬರ್ ಕೊಟ್ಟರು.

ಆ ಏಜೆನ್ಸಿ ಒಂದು ಸೈಕಲ್ ಅಂಗಡಿಯ ಮಹಡಿಯ ಮೇಲಿತ್ತು. ಮೇಜಿನ ಹಿಂದಿದ್ದವನು ತಲೆಯೆತ್ತದೆ, "ಹಗಲಿಗೆ ಮಾತ್ರಾನಾ, ಪೂರ್ತಿ ದಿನಕ್ಕಾ? ಪೇಷೆಂಟ್ ತೂಕ ಎಷ್ಟು?" ಎಂದ. ಹೆಂಡತಿಯ ತೂಕವನ್ನು ಯಾವ ಗಂಡಸು ಬಲ್ಲ ಸ್ವಾಮಿ? ಬಲ್ಲವನಾದರೂ ಹೊರಗೆ ಹೇಳಿ ಉಳಿಯುತ್ತಾನೆಯೇ? ಅವನು ಹೇಳಿದ ಸಂಬಳ ನನ್ನ ಪಿಂಚಣಿಯನ್ನು ನುಂಗಿ ಇನ್ನೂ ಬಾಯಿ ಕಳೆಯುವಂತಿತ್ತು. ಆದರೂ ಒಪ್ಪಿದೆ. ಕೂಡಿಟ್ಟದ್ದು ಇರುವವರೆಗೆ ನಡೆಯಲಿ, ಆಮೇಲಿನದು ಆಮೇಲೆ ಎಂದುಕೊಂಡೆ.

ಮೊದಲು ಬಂದಾಕೆ ಒಂದು ವಾರ ನಿಲ್ಲಲಿಲ್ಲ. "ಅಜ್ಜಿ ಕೈ ಬೀಸ್ತಾರೆ, ನಂಗೆ ಆಗಲ್ಲ" ಎಂದು ಚೀಲ ಎತ್ತಿದಳು. ಎರಡನೆಯಾಕೆ ಹೆದರಿಯೇ ಹೋದಳು. "ನಾನು ಎತ್ತೋಕೆ ಹೋದಾಗೆಲ್ಲ ಎರಡು ಬೆರಳಲ್ಲಿ ಕತ್ತರಿ ಥರ ಮಾಡಿ ತೋರಿಸ್ತಾರೆ. ಕತ್ತರಿಸಿ ಹಾಕ್ತೀನಿ ಅಂತಾರೆ ಕಣ್ರೀ!" ನಾನೂ ಅದನ್ನು ಬಾಗಿಲ ಮರೆಯಿಂದ ನೋಡಿದ್ದೆ. ಎಡಗೈಯ ಎರಡು ಬೆರಳು ಕತ್ತರಿಯಂತೆ ಮುಚ್ಚಿ ತೆರೆಯುತ್ತಿದ್ದವು, ಕಣ್ಣಲ್ಲಿ ನೀರು. ಮೆದುಳಿಗೆ ಪೆಟ್ಟು ಬಿದ್ದಿದೆಯಲ್ಲ, ಹೀಗೆಲ್ಲ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯಾಕೆ ಒಂದು ಬೆಳಿಗ್ಗೆ, ಹಾಲು ತರುತ್ತೇನೆಂದು ಹೋದವಳು ಹಾಲೂ ಇಲ್ಲ, ಅವಳೂ ಇಲ್ಲ.

ಅಷ್ಟರಲ್ಲಿ ನನ್ನ ಸ್ವಂತ ಮಗಳು ಬಂದಳು. ಅವಳದು ಒಂದು ಕೋಣೆಯ ಮನೆ, ಅಂಗಡಿಯಲ್ಲಿ ನಿಂತು ಮಾಡುವ ಕೆಲಸ. ಅತ್ತು ಅತ್ತು ಕೊನೆಗೆ ಹೇಳಿದಳು, "ಅಪ್ಪ, ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸೋಣ. ಅಲ್ಲಿಯಾದ್ರೆ ಸಂಘದ ದುಡ್ಡು ಸಿಗುತ್ತೆ, ಮನೇಲಿಟ್ಕೊಂಡ್ರೆ ಒಂದು ಪೈಸೆ ಕೊಡಲ್ಲ. ಇಲ್ಲಿ ಯಾರೂ ನಿಲ್ತಿಲ್ಲ. ನೀವೂ ಹಾಸಿಗೆ ಹಿಡಿದ್ರೆ ನಾನು ಯಾರ ಹತ್ರ ಓಡಲಿ?" ಹುಡುಗಿ ಹೇಳಿದ್ದರಲ್ಲಿ ಯಾವುದು ಸುಳ್ಳು? ಒಂದೂ ಇಲ್ಲ. ಸೋಮವಾರ ಹೋಗಿ ಹಾಸಿಗೆ ಗೊತ್ತುಮಾಡಿ ಬರುವುದೆಂದು ಮಾತಾಯಿತು.

ಅದರ ಹಿಂದಿನ ಭಾನುವಾರ ಲಾಳಿ ಅಕ್ಕ ಇಬ್ಬರು ಗೆಳತಿಯರನ್ನು ಕರೆದುಕೊಂಡು ರೋಗಿಯನ್ನು ನೋಡಲು ಬಂದರು. ಹಿಂದೆಯೂ ಬಂದಿದ್ದರು. ಆಗೆಲ್ಲ ನಾನು ಮರ್ಯಾದೆಗೆ ಅವರ ಜೊತೆಯೇ ಕುಳಿತಿರುತ್ತಿದ್ದೆ, ಚಹಾವನ್ನು ನರ್ಸಮ್ಮ ತರುತ್ತಿದ್ದರು. ಆಫೀಸಿನವನು ಎದುರಿಗೆ ಕುಳಿತಿರುವಾಗ ಅವರ ಕೈಗಳು ಮಡಿಲಲ್ಲೇ ಇರುತ್ತಿದ್ದವು. ನನ್ನಾಕೆಯ ಕೈಯೂ ಹೊದಿಕೆಯ ಕೆಳಗೆ. ಅಂಥ ಸ್ಥಿತಿಯಲ್ಲೂ ಆಕೆ ಕಟ್ಟಳೆ ಮುರಿದಿರಲಿಲ್ಲ, ನೋಡಿ! ಆದರೆ ಆ ದಿನ ಮನೆಯಲ್ಲಿ ನರ್ಸಮ್ಮ ಇಲ್ಲ. ಚಹಾ ಮಾಡಲು ನಾನೇ ಒಳಗೆ ಹೋಗಬೇಕಾಯಿತು. ಸಕ್ಕರೆ ಡಬ್ಬಿ ಹುಡುಕುವಷ್ಟರಲ್ಲಿ ಹೊತ್ತಾಯಿತು. ತಟ್ಟೆ ಹಿಡಿದು ಬಾಗಿಲಿಗೆ ಬಂದೆ.

ಬಾಗಿಲಲ್ಲೇ ನಿಂತುಬಿಟ್ಟೆ.

ಕೋಣೆಯಲ್ಲಿ ಒಂದು ಸದ್ದಿಲ್ಲ. ಮೂವರು ಹೆಂಗಸರು ಹಾಸಿಗೆಯ ಕಡೆ ಬಾಗಿದ್ದಾರೆ. ನನ್ನಾಕೆಯ ಎಡಗೈ ಹೊದಿಕೆಯಿಂದ ಹೊರಬಂದಿದೆ. ಅದು ಹಾರುತ್ತಿದೆ, ನಿಲ್ಲುತ್ತಿದೆ, ತಿರುಗುತ್ತಿದೆ. ಅವರ ಆರು ಕೈಗಳು ಉತ್ತರ ಕೊಡುತ್ತಿವೆ. ತಿಂಗಳುಗಟ್ಟಲೆ ಮಾತಿಲ್ಲದೆ ಮಲಗಿದ್ದವಳು ನನ್ನ ಕಣ್ಣೆದುರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದಳು! ಅಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ತಟ್ಟೆಯಲ್ಲಿ ಲೋಟಗಳು ಗಲಗಲ ಎಂದವು. ಎಲ್ಲ ಕೈಗಳೂ ಥಟ್ಟನೆ ಮಡಿಲಿಗೆ ಬಿದ್ದವು.

ಲಾಳಿ ಅಕ್ಕ ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ, "ಕಟ್ಟಳೆ ಹಾಳಾಗಿ ಹೋಗ್ಲಿ" ಎಂದರು. "ಕೇಳಿ ಸ್ಟೋರ್ ಸಾಹೇಬ್ರೆ. ಕತ್ತರಿ ಅಂದ್ರೆ ಕತ್ತರಿ ಅಲ್ಲ. ಎಳೆ ಕಡಿದಿದೆ, ಮಗ್ಗ ನಿಲ್ಸು ಅಂತ. ನಿಮ್ಮ ನರ್ಸುಗಳು ಬಲಗೈ ಹಿಡಿದು ಎಳೆದು ಎಬ್ಬಿಸ್ತಿದ್ರಂತೆ. ಹೆಗಲು ಕಿತ್ತು ಬರ್ತಿತ್ತಂತೆ. ನಿಲ್ಸಿ, ನಿಲ್ಸಿ ಅಂತ ಎಷ್ಟು ಸಲ ಹೇಳಿದಾಳೆ, ಪಾಪ!"

"ಇನ್ನೇನು ಹೇಳಿದಳು?" ಎಂದೆ.

"ಹೋದ ಹುಡುಗೀರನ್ನ ಬೈಬೇಡಿ ಅಂದ್ಲು. ಆಮೇಲೆ ಇದು..." ಎನ್ನುತ್ತ ಲಾಳಿ ಅಕ್ಕ ಒಂದು ಬೆರಳಿನಿಂದ ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದರು. "ಇದು ನೀವು. ಶೆಡ್ಡಲ್ಲಿ ನಿಮ್ಮ ಹೆಸರು ಇದೇ. ನೀವು ಸರಿಯಾಗಿ ಊಟ ಮಾಡ್ತಿಲ್ವಂತೆ. ನಿಂತ್ಕೊಂಡೇ ತಿಂತೀರಂತೆ."

ನನಗೊಂದು ಹೆಸರಿತ್ತು, ಸಭಿಕರೇ. ಉಗ್ರಾಣದ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಆಯುಷ್ಯ ಕಳೆದೆ ಎಂದುಕೊಂಡಿದ್ದೆ. ನೂರಾರು ಬೆರಳುಗಳಲ್ಲಿ ನನ್ನ ಹೆಸರಿತ್ತು. ಅಲ್ಲಿಗೆ ಅದನ್ನು ಕೊಂಡೊಯ್ದವಳು ಯಾರಿರಬಹುದು? ನನ್ನ ಸುದ್ದಿ ಅಲ್ಲ ಬಿಡಿ ಎಂದಿದ್ದವಳೇ ಅಲ್ಲವೇ? ಇರಲಿ, ಎಲ್ಲಿಗೋ ಹೋದೆ. ವಿಷಯಕ್ಕೆ ಬರುತ್ತೇನೆ.

ಆ ಸೋಮವಾರ ಹಾಸಿಗೆ ಗೊತ್ತುಮಾಡಲು ಹೋಗಲಿಲ್ಲ. ಆರೈಕೆ ಕೇಂದ್ರದಲ್ಲಿ ಒಳ್ಳೆಯವರೇ ಇರುತ್ತಾರೆ. ಆದರೆ ಆ ಕೈಯನ್ನು ಓದುವವರು ಯಾರಿರುತ್ತಾರೆ? ನನ್ನ ಮಗಳಿಗೂ ಅದೇ ಅನ್ನಿಸಿತು. "ಸರಿ ಅಪ್ಪ, ದುಡ್ಡು?" ಎಂದಳು. ನಾನು ಮತ್ತೆ ಪಿಂಚಣಿಯ ಲೆಕ್ಕ ಹಾಕಲು ಕುಳಿತೆ.

ಮುಂದಿನದು ನಡೆದದ್ದು ಇದೇ ಸಭಾಂಗಣದಲ್ಲಿ, ಸಂಘದ ಸರ್ವಸದಸ್ಯರ ಸಭೆಯಲ್ಲಿ. ಲಾಳಿ ಅಕ್ಕ ಎದ್ದು ನಿಂತು, ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರಿಗೂ ಸಂಘ ನೆರವು ಕೊಡಬೇಕು ಎಂದರು. ನಮ್ಮ ಅಧ್ಯಕ್ಷರು, ಅವರು ಇಲ್ಲೇ ಇದ್ದಾರೆ, ಬೇಸರ ಮಾಡಿಕೊಳ್ಳುವುದಿಲ್ಲ ಎಂದು ನಂಬಿದ್ದೇನೆ, ನಯವಾಗಿಯೇ ಇಲ್ಲವೆಂದರು. "ಆಸ್ಪತ್ರೆಗಾದ್ರೆ ರಸೀದಿ ಇರುತ್ತೆ. ಮನೆ ಒಳಗಿನ ಖರ್ಚನ್ನ ಸಂಘ ಹೇಗೆ ಹೊರೋದಕ್ಕಾಗುತ್ತೆ ಅಕ್ಕ? ಅದು ಅವರವರ ಮನೆ ವಿಷಯ." ನಾನು ತಲೆ ತಗ್ಗಿಸಿದೆ. ಕೆಲಸ ಕೆಟ್ಟಿತು ಎಂದುಕೊಂಡೆ.

ಲಾಳಿ ಅಕ್ಕ ವಾದ ಮಾಡಲಿಲ್ಲ. ಎಡಗೈಯಿಂದ ತಮ್ಮ ಹೆಗಲನ್ನು ಎರಡು ಸಲ ತಟ್ಟಿ, ಆ ಕೈಯನ್ನು ಅಧ್ಯಕ್ಷರ ಕಡೆಗೆ ಚಾಚಿದರು. ಅಷ್ಟೇ. ಅವರ ಪಕ್ಕದಾಕೆ ಎದ್ದು ಅದನ್ನೇ ಮಾಡಿದರು. ಅವರ ಹಿಂದಿನವರು, ಅವರ ಹಿಂದಿನವರು. ಗೋಡೆಯವರೆಗೂ ಹೆಂಗಸರು ಎದ್ದು ನಿಂತರು. ಮಾತಿಲ್ಲ, ಕೂಗಿಲ್ಲ.

ಆಫೀಸಿನವರಾದ ನಮಗೆ ಏನೂ ತಿಳಿಯಲಿಲ್ಲ. ಆದರೆ ಅಧ್ಯಕ್ಷರ ಮುಖ ಬದಲಾಯಿತು. ಅವರು ಶೆಡ್ಡಿನವರು. ಅದರ ಅರ್ಥ "ನನ್ನ ಮಗ್ಗ ನೋಡಿಕೋ" ಎಂದು. ಶೆಡ್ಡಿನಲ್ಲಿ ಒಬ್ಬಳಿಗೆ ಹೊಟ್ಟೆನೋವು ಬಂದರೆ, ಬಸುರಿಗೆ ತಲೆ ಸುತ್ತಿದರೆ, ಈ ಸನ್ನೆ ಮಾಡಿ ಹೊರಗೆ ಹೋಗುತ್ತಿದ್ದಳು. ಕಂಡವರು ತಮ್ಮ ಮಗ್ಗದ ಜೊತೆ ಅವಳದನ್ನೂ ನೋಡಿಕೊಳ್ಳಬೇಕು. ಆ ಹೊತ್ತಿನಲ್ಲಿ ಅವಳ ಮಗ್ಗದಿಂದ ಇಳಿದ ಬಟ್ಟೆಯ ಕೂಲಿ ಹೊರಗೆ ಹೋದವಳ ಲೆಕ್ಕಕ್ಕೇ. ಯಾರ ಮನೆ ವಿಷಯ ಎಂದು ಕೇಳುವ ಹಾಗಿಲ್ಲ. ಆಗುವುದಿಲ್ಲ ಎನ್ನುವುದಕ್ಕೆ ಆ ಭಾಷೆಯಲ್ಲಿ ಸನ್ನೆಯೇ ಇಲ್ಲವಂತೆ.

ಅಧ್ಯಕ್ಷರು ಮೈಕನ್ನು ಮೇಜಿನ ಮೇಲಿಟ್ಟರು. ಎದ್ದು ನಿಂತು, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. ನೋಡಿಕೊಳ್ಳುತ್ತೇನೆ ಎಂದು. ನಿರ್ಣಯ ಪಾಸಾಯಿತು! ನಮ್ಮ ಕಾರ್ಯದರ್ಶಿಗಳು ಮಾತ್ರ ಪೆನ್ನು ಹಿಡಿದು ಸುತ್ತಲೂ ನೋಡುತ್ತ, "ಯಾರು ಏನಂದ್ರು? ನಾನೇನು ಬರೀಲಿ?" ಎಂದು ಕೇಳುತ್ತಲೇ ಇದ್ದರು.

ಹೀಗೆ ಮನೆ ಆರೈಕೆಯ ನಿಧಿ ಹುಟ್ಟಿತು. ನರ್ಸಿನ ಸಂಬಳದಲ್ಲಿ ಅರ್ಧ ನನ್ನದು, ಅರ್ಧ ನಿಮ್ಮೆಲ್ಲರದು. ಆ ನಿಧಿಯಿಂದ ಮೊದಲು ಬಂದವಳೇ ಇಲ್ಲಿ ಕುಳಿತಿರುವ ಈ ಮಗಳು. ಈಕೆಗೆ ಕೈಮಾತು ಬರುತ್ತಿತ್ತೇ? ಇಲ್ಲ. ಮೊದಲ ವಾರ ನನ್ನಾಕೆ ನೀರು ಕೇಳಿದರೆ ಬಾಚಣಿಗೆ ತಂದುಕೊಟ್ಟಳು. ಆದರೆ ಓಡಿಹೋಗಲಿಲ್ಲ. "ಅಜ್ಜಿ, ಇನ್ನೊಂದ್ಸಲ ಹೇಳಿ" ಎಂದಳು. ಇನ್ನೊಂದು ಸಲ, ಮತ್ತೊಂದು ಸಲ. ಲಾಳಿ ಅಕ್ಕನ ಬಳಗ ಹಳೆಯ ಪಾಳಿಗಳಂತೆ ಸರದಿ ಹಾಕಿಕೊಂಡು ಬಂದು ಕಲಿಸಿತು. ಈಗ ಅಜ್ಜಿ ಮೊಮ್ಮಗಳಂತೆ ಇಬ್ಬರೂ ಸೇರಿ ನನ್ನೆದುರಿಗೇ ನನ್ನ ಮೇಲೆ ಚಾಡಿ ಹೇಳಿಕೊಳ್ಳುತ್ತಾರೆ. ಮೂಗಿನ ಮೇಲಿನ ಬೆರಳು ಕಂಡಾಗ ಇದು ನನ್ನ ವಿಷಯ ಎಂದಷ್ಟೇ ನನಗೆ ತಿಳಿಯುತ್ತದೆ.

ನಾನೂ ಕಲಿಯಲು ಹೊರಟೆ. "ನಾನು ಇಲ್ಲೇ ಇದ್ದೇನೆ" ಎಂದು ಹೇಳಲು ಹೋಗಿ "ಪಾಳಿ ಮುಗಿಯಿತು, ಮನೆಗೆ ಹೊರಡು" ಎಂದುಬಿಟ್ಟೆ. ನನ್ನಾಕೆ ನಕ್ಕಳು. ಅರ್ಧ ಬಾಯಲ್ಲೇ ನಕ್ಕಳು. ಆ ಅರ್ಧ ನಗುವಿನಷ್ಟು ದೊಡ್ಡದನ್ನು ನಾನು ಬೇರೆ ಕಂಡಿಲ್ಲ.

ಇನ್ನು ಮುಗಿಸುತ್ತೇನೆ. ಇಂದು ಬೆಳಿಗ್ಗೆ ಈ ಮಗಳು ಸಮಾರಂಭಕ್ಕೆ ಹೊರಡುವ ಗಡಿಬಿಡಿಯಲ್ಲಿ ತಲೆಗೂದಲನ್ನು ಹಾಗೇ ಗಂಟು ಹಾಕಿಕೊಂಡಿದ್ದಳು. ನನ್ನಾಕೆ ಒಪ್ಪಲಿಲ್ಲ. ತನ್ನ ಕುರ್ಚಿಯ ಮುಂದೆ ನೆಲದ ಮೇಲೆ ಕೂರಿಸಿದಳು. ಒಂದೇ ಕೈಯಲ್ಲಿ ಜಡೆ ಹೆಣೆಯಲಾಗುತ್ತದೆಯೇ? ಮಗಳು ತನ್ನ ಎರಡು ಕೈಗಳನ್ನು ತಲೆಯ ಹಿಂದಕ್ಕೆ ತಂದು ಜಡೆಯ ಮೂರು ಎಳೆಗಳಲ್ಲಿ ಎರಡನ್ನು ಹಿಡಿದುಕೊಂಡಳು, ಮೂರನೆಯದು ಅಜ್ಜಿಯ ಎಡಗೈಯಲ್ಲಿ. ಇವಳು ಒಂದನ್ನು ದಾಟಿಸುವುದು, ಅವಳು ಮತ್ತೊಂದನ್ನು ಕೊಡುವುದು. ಎರಡು ವರ್ಷದಿಂದ ಬೇರೆಯವರ ಕೈಯಲ್ಲಿ ತಲೆ ಬಾಚಿಸಿಕೊಳ್ಳುತ್ತಿದ್ದವಳು ಇನ್ನೊಬ್ಬಳ ಜಡೆ ಹೆಣೆದಳು. ನಾನು ಕೋಟಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ನೋಡುತ್ತ ನಿಂತಿದ್ದೆ.

ಮಗಳೇ, ಸ್ವಲ್ಪ ಆ ಕಡೆ ತಿರುಗಮ್ಮ. ಎಲ್ಲರೂ ನೋಡಲಿ. ತುಸು ವಾರೆಯಾಗಿದೆ, ಆದರೆ ಬಿಗಿಯಾಗಿದೆ. ಅಧ್ಯಕ್ಷರೇ, ಪದಕವನ್ನು ಈಕೆಯ ಕೊರಳಿಗೆ ಹಾಕುವಾಗ ಜಡೆ ಕೆಡದ ಹಾಗೆ ನೋಡಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಸಂಜೆ ಮನೆಯಲ್ಲಿ ಅಜ್ಜಿಯಿಂದ ತಪಾಸಣೆಯಿದೆ.

ಸಂಕೋಚದಿಂದ ಬಾಯಿ ಬಿಡದೆ, ಮನೆಯಲ್ಲಿ ಒಬ್ಬರೇ ಒದ್ದಾಡುತ್ತಿರುವ ಸದಸ್ಯರು ಇನ್ನೂ ಇದ್ದಾರೆ. ಅವರಿಗೆಲ್ಲ ನನ್ನದೊಂದು ಮಾತು: ನಿಮ್ಮ ಮನೆಯಲ್ಲಿ ಯಾರು ಮಲಗಿದ್ದಾರೆ, ಹೇಗಿದ್ದಾರೆ, ನಿಮ್ಮ ಊಟ ಆಗುತ್ತಿದೆಯೇ, ಒಂದು ಕಾಗದ ಬರೆಯಿರಿ. ಅಕ್ಷರ ಹೇಗಿದ್ದರೂ ನಾನು ಓದಿಕೊಂಡು ಸಂಘದ ಮುಂದಿಡುತ್ತೇನೆ. ಬೇಗ ಬರೆಯಿರಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನನ್ನಾಕೆಯ ಪರವಾಗಿಯೂ, ನನ್ನ ಪರವಾಗಿಯೂ, ನಮಸ್ಕಾರ.